ಎಟಿಎಂ, ಮಳೆಗಾಲ ಮತ್ತು ಎರಡರ ಲೆಕ್ಕ: ಕೊಡಗಿನವರಿಗೆ ಒಂದು ಕೈಪಿಡಿ

ಜೂನ್ ಎರಡನೇ ವಾರ ದಾಟಿತು ಅಂದ್ರೆ ಕೊಡಗಿನಲ್ಲಿ ಎಟಿಎಂ ಅನ್ನೋದು ಅದೃಷ್ಟದ ವಿಷಯ. ಕರೆಂಟ್ ಇದ್ದರೆ ನೆಟ್‌ವರ್ಕ್ ಇರಲ್ಲ. ನೆಟ್‌ವರ್ಕ್ ಇದ್ದರೆ ಕ್ಯಾಶ್ ಇರಲ್ಲ. ಮೂರೂ ಕೂಡಿಬಂದ ದಿನ ಬಾಗಿಲ ಹೊರಗೆ ಕೊಡೆ ಹಿಡಿದು ಅರ್ಧ ಊರೇ ನಿಂತಿರುತ್ತದೆ. ಬೆಂಗಳೂರಿನವರು ಬರೆದ ಎಟಿಎಂ ಸಲಹೆಗಳನ್ನು ಓದಿದರೆ ನಮಗೆ ಅರ್ಧಕ್ಕರ್ಧ ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ಅವರಿಗೆ ಒಂದು ಮಷಿನ್ ಕೆಟ್ಟರೆ ರಸ್ತೆ ದಾಟಿದರೆ ಇನ್ನೊಂದು ಸಿಗುತ್ತದೆ. ನಾಪೋಕ್ಲು ಕಡೆಯವರಿಗೋ ಕುಟ್ಟದವರಿಗೋ ಹಾಗಲ್ಲ ಅಲ್ವಾ?

ಇಲ್ಲಿ ಎರಡು ಪ್ರಶ್ನೆ ಇವೆ. ಮಷಿನ್ ಕೈಕೊಟ್ಟರೂ ನಮ್ಮ ಹತ್ತಿರ ದುಡ್ಡಿರಬೇಕಾದರೆ ಏನು ಮಾಡಬೇಕು? ನಮ್ಮ ದುಡ್ಡು ಇನ್ನೊಬ್ಬರ ಕೈಗೆ ಹೋಗಬಾರದು ಅಂದರೆ ಏನು ಮಾಡಬೇಕು? ಜನ ಇವೆರಡನ್ನೂ ಒಂದೇ ಅಂದುಕೊಂಡು ‘ಜಾಗ್ರತೆ’ ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಆದರೆ ಇವು ಒಂದಕ್ಕೊಂದು ಉಲ್ಟಾ. ಮೊದಲನೆಯದಕ್ಕೆ ‘ಇದಿಲ್ಲದಿದ್ದರೆ ಅದು’ ಅನ್ನೋ ಹಾಗೆ ಎರಡು ದಾರಿ ಬೇಕು, ಒಂದು ಸಾಕಾಗಬೇಕು. ಎರಡನೆಯದಕ್ಕೆ ‘ಇದೂ ಬೇಕು, ಅದೂ ಬೇಕು’, ಒಂದೇ ಸಿಕ್ಕವನಿಗೆ ಏನೂ ಸಿಗಬಾರದು. ಕಾರ್ಡ್ ಮತ್ತು ಪಿನ್ ಈ ಎರಡನೇ ಜಾತಿಗೆ ಸೇರಿದ್ದು. ಕಾರ್ಡ್ ಕವರ್ ಮೇಲೆ ಪಿನ್ ಬರೆದಿಟ್ಟವರು ‘ಮರೆತರೆ ಇರಲಿ’ ಅಂತ ಮೊದಲನೇ ಲೆಕ್ಕ ಹಾಕಿ ಎರಡನೆಯದನ್ನು ಹಾಳು ಮಾಡಿಕೊಂಡಿರುತ್ತಾರೆ. ಪರ್ಸ್ ಬಿತ್ತು ಅಂದ್ರೆ ಎರಡೂ ಒಟ್ಟಿಗೇ ಹೋಯ್ತು.

ಮೊದಲು ದುಡ್ಡು ಸಿಗುವ ವಿಷಯ.

ಎಟಿಎಂ ಒಳಗೆ ಒಂದು ಸಾದಾ ಕಂಪ್ಯೂಟರ್ ಇರುತ್ತದೆ, ಅದರ ಕೆಳಗೆ ತಿಜೋರಿ, ತಿಜೋರಿಯಲ್ಲಿ ನೋಟು ತುಂಬಿದ ಪೆಟ್ಟಿಗೆಗಳು. ಸಾಮಾನ್ಯವಾಗಿ ನಾಲ್ಕು. ಅದನ್ನು ಬ್ಯಾಂಕಿಗೆ ಜೋಡಿಸೋದು ಚಾವಣಿ ಮೇಲಿನ ಸ್ಯಾಟಲೈಟ್ ಡಿಷ್, ಇಲ್ಲಾಂದ್ರೆ ಮೊಬೈಲ್ ಸಿಮ್ ಹಾಕಿದ ಒಂದು ರೂಟರ್, ಇಲ್ಲಾಂದ್ರೆ ಕೇಬಲ್. ಕರೆಂಟ್ ಹೋದರೆ ಯುಪಿಎಸ್ ಇದೆ. ಜೋರು ಮಳೆ ಬಂದಾಗ ಮನೆ ಟಿವಿಯ ಡಿಷ್‌ನಲ್ಲಿ ಚಿತ್ರ ಚೂರುಚೂರಾಗುತ್ತದಲ್ಲ, ಎಟಿಎಂ ಡಿಷ್‌ಗೂ ಆಗೋದು ಅದೇ: ಮಳೆಹನಿಗಳು ಡಿಷ್‌ನ ರೇಡಿಯೋ ಅಲೆಗಳನ್ನು ಹೀರಿಕೊಂಡು ಚದುರಿಸಿಬಿಡುತ್ತವೆ. ಆದ್ದರಿಂದ ಧೋ ಎಂದು ಸುರಿಯುವಾಗ ‘ಔಟ್ ಆಫ್ ಸರ್ವಿಸ್’ ಅಂತ ಬಂದರೆ ಮಷಿನ್ ಕೆಟ್ಟಿದೆ ಅಂತ ವಾಪಸ್ ಹೋಗಬೇಡಿ, ಮಳೆ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಇನ್ನೊಂದು ಸಲ ನೋಡಿ. ಕರೆಂಟ್ ಹೋಗಿ ಅರ್ಧ ದಿನ ಆಗಿದ್ದರೆ ಮಾತ್ರ ಕಾಯೋದು ದಂಡ. ಯುಪಿಎಸ್ ಬ್ಯಾಟರಿ ಅಷ್ಟು ಹೊತ್ತು ತಡೆಯಲ್ಲ.

‘ನನ್ನ ಹತ್ತಿರ ಎರಡು ಬ್ಯಾಂಕಿನ ಕಾರ್ಡ್ ಇದೆ, ನನಗೇನು’ ಅನ್ನುವವರು ಒಂದು ವಿಷಯ ಗಮನಿಸಬೇಕು. ಪೇಟೆಯ ಒಂದೇ ಕಟ್ಟಡದಲ್ಲಿ ಪಕ್ಕಪಕ್ಕ ಎರಡು ಎಟಿಎಂ ಇದ್ದರೆ ಲೆಕ್ಕಕ್ಕೆ ಎರಡು, ಆದರೆ ಟ್ರಾನ್ಸ್‌ಫಾರ್ಮರ್ ಒಂದೇ, ಟವರ್ ಒಂದೇ, ಕ್ಯಾಶ್ ತುಂಬುವ ಗಾಡಿ ಬರುವ ರಸ್ತೆಯೂ ಒಂದೇ. ಮರ ಬಿದ್ದರೆ ಎರಡೂ ಒಟ್ಟಿಗೆ ಮಲಗುತ್ತವೆ. ಕಂಪ್ಯೂಟರ್ ಕೆಲಸದವರು ರಿಡಂಡೆನ್ಸಿ ಅಂತಾರಲ್ಲ, ಒಂದು ಹೋದರೆ ಇನ್ನೊಂದಿರಲಿ ಅಂತ ಹೆಚ್ಚಿಗೆ ಇಟ್ಟುಕೊಳ್ಳೋದು, ಅದರಲ್ಲಿ ಎಲ್ಲರೂ ಎಡವುವ ಜಾಗ ಇದು. ಒಂದೇ ಲ್ಯಾಪ್‌ಟಾಪಿನ ಎರಡು ಫೋಲ್ಡರಿನಲ್ಲಿ ಅದೇ ಫೋಟೋ ಇಟ್ಟರೆ ಅದು ಬ್ಯಾಕಪ್ ಅಲ್ಲ, ಸುಮ್ನೆ ನಕಲು. ಎರಡು ಅನ್ನಿಸಿಕೊಳ್ಳಬೇಕಾದರೆ ಅವು ಬೇರೆ ಬೇರೆ ಕಾರಣಕ್ಕೆ ಕೆಡಬೇಕು.

ಫೋನಿನ ವಿಷಯದಲ್ಲಿ ಇದು ಇನ್ನೂ ಜಾಸ್ತಿ. ಯುಪಿಐ ಇದೆ, ಬ್ಯಾಂಕ್ ಆಪ್ ಇದೆ, ಕಾರ್ಡ್ ಇದೆ, ಮೂರು ದಾರಿ ಆಯ್ತು ಅಂತ ಅನ್ನಿಸುತ್ತದೆ. ಆದರೆ ಮೊದಲ ಎರಡೂ ಒಂದೇ ಫೋನ್, ಒಂದೇ ಸಿಮ್. ಕಾರ್ಡ್ ಕೂಡ ಪೂರ್ತಿ ಬೇರೆ ಅಲ್ಲ: ಎಸ್‌ಬಿಐ 2020ರ ಸೆಪ್ಟೆಂಬರ್‌ನಿಂದ ತನ್ನ ಎಟಿಎಂಗಳಲ್ಲಿ 10,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ತೆಗೆಯಲು ದಿನದ ಯಾವ ಹೊತ್ತಲ್ಲೂ ಒಟಿಪಿ ಕೇಳುತ್ತದೆ. ಅದು ಒಳ್ಳೇದೇ. ಆದರೆ ಫೋನಿಗೆ ಸಿಗ್ನಲ್ ಇಲ್ಲದಿದ್ದರೆ, ಮಷಿನ್ ಸರಿ ಇದ್ದೂ ನೀವು ನಿಂತಲ್ಲೇ ನಿಂತಿರುತ್ತೀರಿ. ಅಂಥ ದಿನ 10,000ದ ಕೆಳಗಿನ ಮೊತ್ತ ತೆಗೆಯಿರಿ. ಮನೆಯಲ್ಲಿ ಎರಡು ಸಿಮ್ ಇದ್ದರೆ ಎರಡೂ ಒಂದೇ ಕಂಪನಿಯದ್ದು ಬೇಡ. ಆ ತೋಟದ ಮೂಲೆಯಲ್ಲಿ ಯಾವುದಕ್ಕೆ ಸಿಗ್ನಲ್ ಸಿಗುತ್ತದೋ ಅದನ್ನೇ ಬ್ಯಾಂಕಿಗೆ ಕೊಡಿ.

ನಿಜವಾಗಿ ಬೇರೆ ದಾರಿ ಅಂದ್ರೆ ಮೂರೇ. ಒಂದು, ಮನೆಯಲ್ಲಿ ಸ್ವಲ್ಪ ನಗದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ರಸ್ತೆಯೇ ಕಡಿದುಹೋದದ್ದು ನೆನಪಿದೆಯಲ್ಲ, ಅಂಥ ಹೊತ್ತಲ್ಲಿ ಯಾವ ಕಾರ್ಡೂ ಪ್ರಯೋಜನಕ್ಕಿಲ್ಲ. ಹದಿನೈದು ದಿನದ ಸಾಮಾನು, ಗ್ಯಾಸ್, ಔಷಧಿಗೆ ಆಗುವಷ್ಟು ಸಾಕು, ಜಾಸ್ತಿ ಬೇಡ. ಆದಷ್ಟೂ 100, 200ರ ನೋಟು ಇಡಿ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ 500ರ ನೋಟು ಚಾಚಿ ಸೊಪ್ಪು ಕೇಳಿ ನೋಡಿ, ನಾನು ಯಾಕೆ ಹೇಳ್ತಿದ್ದೇನೆ ಅಂತ ಗೊತ್ತಾಗುತ್ತದೆ. ಎಟಿಎಂನಲ್ಲೂ ಸಣ್ಣ ನೋಟು ಸಿಗಲಿ ಅಂತಲೇ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಹೇಳಿದೆ: ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ನೂರಕ್ಕೆ 75 ಎಟಿಎಂಗಳಲ್ಲಿ, 2026ರ ಮಾರ್ಚ್ ಕೊನೆಗೆ ನೂರಕ್ಕೆ 90ರಲ್ಲಿ, ಕನಿಷ್ಠ ಒಂದು ಪೆಟ್ಟಿಗೆಯಾದರೂ 100 ಅಥವಾ 200ರದ್ದು ಇರಬೇಕು. 4,900 ಅಂತ ಒತ್ತಿದರೆ ಮಷಿನ್ ಸಣ್ಣ ನೋಟು ಕೊಡಲೇಬೇಕಾಗುತ್ತದೆ, 5,000 ಅಂತ ಒತ್ತಿದರೆ ಹತ್ತು 500 ಉದುರಿಸಿ ಸುಮ್ಮನಾಗಬಹುದು. ಎರಡು, ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕ್. ಆಧಾರ್ ಜೋಡಿಸಿದ ಯಾವ ಬ್ಯಾಂಕ್ ಖಾತೆಯಿಂದಲೂ ಬೆರಳಚ್ಚು ಒತ್ತಿ ಪೋಸ್ಟ್‌ಮ್ಯಾನ್ ಹತ್ತಿರ ದುಡ್ಡು ಪಡೆಯಬಹುದು, ಮನೆ ಬಾಗಿಲಿಗೇ ಬರುತ್ತದೆ. ಮೆಣಸು ಕುಯ್ದು, ಕಾಫಿ ಕುಯ್ದು ರೇಖೆ ಸವೆದ ಬೆರಳನ್ನು ಮಷಿನ್ ಹಿಡಿಯದೇ ಹೋಗೋದುಂಟು, ಆಗ ಬೇರೆ ಬೆರಳು ಕೊಟ್ಟು ನೋಡಿ. ಮೂರು, ಬೇರೆ ಪೇಟೆ. ಮಡಿಕೇರಿಯಲ್ಲಿ ಕರೆಂಟ್ ಇಲ್ಲದ ದಿನ ಕುಶಾಲನಗರದಲ್ಲಿ ಬಿಸಿಲು ಹೊಡೆಯುತ್ತಿರುತ್ತದೆ. ಆ ಕಡೆ ಹೋಗುವ ಕೆಲಸ ಇದ್ದರೆ ದುಡ್ಡು ತೆಗೆಯೋದನ್ನೂ ಅದರ ಜೊತೆಗೇ ಸೇರಿಸಿಕೊಳ್ಳಿ.

ಬೇರೆ ಬ್ಯಾಂಕಿನ ಎಟಿಎಂ ಬಳಸಿದರೆ ಚಾರ್ಜ್ ಬೀಳುತ್ತದೆ ಅಂತ ಹೆದರುವವರಿಗೆ: ತಿಂಗಳಿಗೆ ಸ್ವಂತ ಬ್ಯಾಂಕಿನಲ್ಲಿ 5 ಸಲ, ಮಹಾನಗರ ಅಲ್ಲದ ನಮ್ಮಂಥ ಕಡೆ ಬೇರೆ ಬ್ಯಾಂಕಿನಲ್ಲಿ 5 ಸಲ ಉಚಿತ. ಅದಾದ ಮೇಲೆ 2025ರ ಮೇ 1ರಿಂದ ಒಂದು ಸಲಕ್ಕೆ ಹೆಚ್ಚೆಂದರೆ 23 ರೂಪಾಯಿ, ಮೇಲೆ ತೆರಿಗೆ. ಬೇರೆ ಬ್ಯಾಂಕಿನ ಮಷಿನ್‌ನಲ್ಲಿ ಬ್ಯಾಲೆನ್ಸ್ ನೋಡಿದ್ದೂ ಈ ಲೆಕ್ಕಕ್ಕೆ ಬರುತ್ತದೆ. ಅದನ್ನು ಫೋನಲ್ಲಿ ನೋಡಿ, ಮಷಿನ್‌ನಲ್ಲಿ ಯಾಕೆ? ಆದರೆ ಕ್ಯಾಶ್ ಇಲ್ಲದೆ ಅಥವಾ ನೆಟ್‌ವರ್ಕ್ ಕೈಕೊಟ್ಟು ವಿಫಲವಾದದ್ದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ.

ಈಗ ಪಿನ್.

ಎಟಿಎಂ ಮಷಿನ್, ಪಿನ್ ನಂಬರ್ ಅಂತ ಹೇಳಿದರೆ ಕೆಲವರು ನಗುತ್ತಾರೆ. ಎಟಿಎಂನ ಕೊನೆಯ ಅಕ್ಷರವೇ ಮಷಿನ್, ಪಿನ್‌ನ ಕೊನೆಯ ಅಕ್ಷರವೇ ನಂಬರ್, ಒಂದೇ ಮಾತನ್ನು ಎರಡು ಸಲ ಯಾಕೆ ಹೇಳ್ತೀರಿ ಅಂತ. ನಗಲಿ ಬಿಡಿ. ಭಾಷೆ ಬದುಕಿರೋದೇ ಹೀಗೆ ಎರಡೆರಡು ಸಲ ಹೇಳಿಕೊಂಡು. ‘ನಾನು ನಾಳೆ ಬರುತ್ತೇನೆ’ ಅನ್ನುವಾಗ ಬರುವವರು ಯಾರು ಅನ್ನೋದು ‘ನಾನು’ವಿನಲ್ಲೂ ಇದೆ, ‘-ತ್ತೇನೆ’ಯಲ್ಲೂ ಇದೆ. ಭಾಗಮಂಡಲದ ತಿರುವಿನಲ್ಲಿ ಸಿಗ್ನಲ್ ಕಡಿದು ಮೊದಲ ಪದ ನುಂಗಿಹೋದರೂ ‘...ಳೆ ಬರ್ತೇನೆ’ ಅಂತ ಕೇಳಿದರೆ ಸಾಕು, ಅತ್ತೆ ಮೀನು ತರಿಸಿಡುತ್ತಾರೆ. ಕ್ಲಾಡ್ ಶಾನನ್ ಅನ್ನುವ ಅಮೆರಿಕದ ಗಣಿತಜ್ಞ 1948ರಲ್ಲಿ ಇದನ್ನು ಅಳೆದೇಬಿಟ್ಟ. ಇಂಗ್ಲಿಷ್ ಬರಹದಲ್ಲಿ ಸುಮಾರು ಅರ್ಧದಷ್ಟು ಹೆಚ್ಚುವರಿ ಅಂತ ಅವನ ಲೆಕ್ಕ. ಅಷ್ಟು ಹೆಚ್ಚುವರಿ ಇರುವುದರಿಂದಲೇ ತಪ್ಪು ಬರೆದ ಪತ್ರವನ್ನೂ ನಾವು ಓದಿ ಅರ್ಥ ಮಾಡಿಕೊಳ್ಳುತ್ತೇವೆ.

ಅಂಕಿಗಳಿಗೆ ಈ ಭಾಗ್ಯ ಇಲ್ಲ. 4827ರಲ್ಲಿ ಒಂದಂಕಿ ತಪ್ಪಿದರೆ ಉಳಿದ ಮೂರು ಅಂಕಿ ಏನನ್ನೂ ಹೇಳಲ್ಲ. ಫೋನಿನಲ್ಲಿ ಇಪ್ಪತ್ತು, ಎಪ್ಪತ್ತು ಒಂದೇ ಥರ ಕೇಳುತ್ತದೆ, ಮಳೆ ಸದ್ದಿನಲ್ಲಂತೂ ಕೇಳೋದೇ ಬೇಡ. ಅದಕ್ಕೇ ಅಂಕಿಗಳಿಗೆ ಹೊರಗಿನಿಂದ ಹೆಚ್ಚುವರಿ ಸೇರಿಸುತ್ತಾರೆ. ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸೋದು ಇದಕ್ಕೇ. ಎರಡೂ ಬೇರೆ ಬೇರೆ ಇದ್ದರೆ ಅಕ್ಷರದಲ್ಲಿ ಬರೆದದ್ದೇ ಲೆಕ್ಕ ಅಂತ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಹೇಳುತ್ತದೆ.

ನಿಮ್ಮ ಕಾರ್ಡಿನ ಮೇಲಿನ ಉದ್ದ ನಂಬರಿನಲ್ಲೂ ಕೊನೆಯ ಅಂಕಿ ಬರೀ ಕಾವಲಿಗೆ ಇರೋದು. ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಲೆಕ್ಕ ಅದು. ಪೆನ್ನು ಹಿಡಿದು ಮಾಡಿ ನೋಡಬಹುದು. ಬಲಗಡೆಯಿಂದ ಶುರು ಮಾಡಿ ಒಂದು ಬಿಟ್ಟು ಒಂದು ಅಂಕಿಯನ್ನು, ಅಂದ್ರೆ ಎರಡನೆಯದು, ನಾಲ್ಕನೆಯದು ಹೀಗೆ, ಎರಡರಿಂದ ಗುಣಿಸಿ. ಗುಣಿಸಿದ್ದು 9 ದಾಟಿದರೆ ಅದರಿಂದ 9 ಕಳೆಯಿರಿ. ಎಲ್ಲವನ್ನೂ ಕೂಡಿಸಿ. ಮೊತ್ತ 10ರಿಂದ ಭಾಗವಾದರೆ ನಂಬರ್ ಸರಿ. ಪರೀಕ್ಷೆಗೆಂದೇ ಬಳಸುವ 4111 1111 1111 1111 ಅನ್ನೋ ನಂಬರ್ ತಗೊಳ್ಳಿ: ಎಡತುದಿಯ 4 ದ್ವಿಗುಣವಾಗಿ 8, ದ್ವಿಗುಣವಾಗುವ ಏಳು ಒಂದುಗಳಿಂದ 14, ಹಾಗೇ ಉಳಿಯುವ ಎಂಟು ಒಂದುಗಳಿಂದ 8. ಒಟ್ಟು 30. ಸರಿ ಇದೆ. ಕೊನೆಯ 1 ಅನ್ನು 7 ಅಂತ ಒತ್ತಿದಿರಿ ಅಂದ್ಕೊಳ್ಳಿ, ಮೊತ್ತ 36, ಕಂಪ್ಯೂಟರ್ ಅಲ್ಲೇ ತಡೆಯುತ್ತದೆ. ಒಂದೇ ಅಂಕಿ ತಪ್ಪಾದರೆ ಯಾವಾಗಲೂ ಸಿಕ್ಕಿಬೀಳುತ್ತದೆ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಸಿಗುತ್ತದೆ, 09 ಹೋಗಿ 90 ಆದರೆ ಮಾತ್ರ ತಪ್ಪಿಸಿಕೊಳ್ಳುತ್ತದೆ. ಆಧಾರ್ ನಂಬರಿನ ಕೊನೆಯ ಅಂಕಿಯೂ ಇಂಥದ್ದೇ ಕಾವಲು, ಲೆಕ್ಕದ ವಿಧಾನ ಬೇರೆ.

ಆದರೆ ಪಿನ್‌ಗೆ ಈ ಕಾವಲು ಅಂಕಿ ಇಲ್ಲ. ಯಾಕೆ ಗೊತ್ತಾ? ನಾಲ್ಕಂಕಿಯ ಪಿನ್ 0000ದಿಂದ 9999ರ ತನಕ 10,000 ಥರ ಇರಬಹುದು. ಕೊನೆಯದು ಕಾವಲು ಅಂಕಿ ಆಗಿದ್ದರೆ ಉಳಿಯೋದು 1,000 ಮಾತ್ರ, ಕಳ್ಳನ ಕೆಲಸ ಹತ್ತರಲ್ಲಿ ಒಂದು ಪಾಲಾಗುತ್ತದೆ. ಬೇರೆಲ್ಲಾ ಕಡೆ ನಮ್ಮನ್ನು ಕಾಪಾಡುವ ಹೆಚ್ಚುವರಿ ಇಲ್ಲಿ ನಮಗೇ ಮುಳ್ಳು. ನೀವೇ ಆರಿಸಿಕೊಳ್ಳುವ ಸುಲಭದ ಪಿನ್‌ಗಳೂ ಹೀಗೇನೇ. ಹುಟ್ಟಿದ ವರ್ಷ ಇಟ್ಟರೆ ಮೊದಲ ಎರಡಂಕಿ 19 ಅಥವಾ 20 ಅಂತ ಎಲ್ಲರಿಗೂ ಗೊತ್ತು. ಹುಟ್ಟಿದ ದಿನ–ತಿಂಗಳು ಇಟ್ಟರೆ 366ರ ಒಳಗೆ ಹುಡುಕಿದರಾಯ್ತು. ನಮ್ಮ ಕಡೆ ಇನ್ನೂ ಎರಡು ಇವೆ: ಕೆಎ 12 ಗಾಡಿಯ ನಾಲ್ಕು ನಂಬರ್, ಅದು ಎಟಿಎಂ ಮುಂದೆಯೇ ಪಾರ್ಕ್ ಮಾಡಿರುತ್ತದೆ. ಇನ್ನೊಂದು ಅಂಚೆ ಪಿನ್‌ಕೋಡಿನ ಕೊನೆಯ ನಾಲ್ಕು, ಮಡಿಕೇರಿಯವರಾದರೆ 1201. ಇವನ್ನು ಇಟ್ಟಿದ್ದರೆ ಇವತ್ತೇ ಬದಲಾಯಿಸಿ. ಅರ್ಥವೇ ಇಲ್ಲದ ನಾಲ್ಕಂಕಿ ಇಟ್ಟು, ಅದನ್ನು ಕೀಪ್ಯಾಡ್ ಮೇಲೆ ಬೆರಳು ಹೋಗುವ ದಾರಿಯಾಗಿ ನೆನಪಿಟ್ಟುಕೊಳ್ಳಿ. ಎರಡು ಕಾರ್ಡಿಗೆ ಒಂದೇ ಪಿನ್ ಬೇಡ. ಮೂರು ಸಲ ತಪ್ಪಿದರೆ ಕಾರ್ಡ್ ಸಾಮಾನ್ಯವಾಗಿ ಒಂದು ದಿನಕ್ಕೆ ಲಾಕ್ ಆಗುತ್ತದೆ, ಹಾಗಾಗಿ ಎರಡು ಸಲ ತಪ್ಪಿದ ಮೇಲೆ ಮೂರನೇದಕ್ಕೆ ಕೈ ಹಾಕಬೇಡಿ. ಮನೆಗೆ ಹೋಗಿ ಆಪ್‌ನಲ್ಲಿ ಹೊಸ ಪಿನ್ ಮಾಡಿಕೊಳ್ಳಿ.

ಅಂದ ಹಾಗೆ ನಾಲ್ಕೇ ಅಂಕಿ ಯಾಕೆ ಅನ್ನೋದಕ್ಕೊಂದು ಕತೆ ಇದೆ. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕ್ ತೆರೆದ ಕ್ಯಾಶ್ ಮಷಿನ್ ಹಿಂದೆ ಇದ್ದವರು ಜಾನ್ ಶೆಫರ್ಡ್-ಬ್ಯಾರನ್, ಹುಟ್ಟಿದ್ದು ನಮ್ಮ ಶಿಲ್ಲಾಂಗ್‌ನಲ್ಲಿ. ಆರಂಕಿ ಇಡೋಣ ಅಂದುಕೊಂಡಿದ್ದರಂತೆ, ಹೆಂಡತಿ ‘ನನಗೆ ನಾಲ್ಕಕ್ಕಿಂತ ಜಾಸ್ತಿ ನೆನಪಿರಲ್ಲ’ ಅಂದಿದ್ದಕ್ಕೆ ನಾಲ್ಕಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಪಿನ್ ಬಳಸುವ ಕ್ರಮಕ್ಕೆ 1966ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದು ಸ್ಕಾಟ್ಲೆಂಡಿನ ಜೇಮ್ಸ್ ಗುಡ್‌ಫೆಲೋ. ಭಾರತಕ್ಕೆ ಎಟಿಎಂ ಬಂದದ್ದು 1987ರಲ್ಲಿ, ಮುಂಬೈಗೆ.

ಮಷಿನ್ ಮುಂದೆ ನಿಂತಾಗ ಏನು ನೋಡಬೇಕು?

ಕಾರ್ಡ್ ಹಾಕುವ ಬಾಯಿಯನ್ನು ಬೆರಳಲ್ಲಿ ಹಿಡಿದು ಒಂದು ಸಲ ಅಲ್ಲಾಡಿಸಿ. ಅಲುಗಿದರೆ, ಅಂಟಿನ ಗುರುತಿದ್ದರೆ, ಬೇರೆ ಬಣ್ಣದ ಪ್ಲಾಸ್ಟಿಕ್ ಕೂರಿಸಿದ ಹಾಗಿದ್ದರೆ ಅಲ್ಲಿಂದ ಹೊರಡಿ. ಅದು ಕಾರ್ಡಿನ ಹಿಂದಿನ ಕಪ್ಪು ಪಟ್ಟಿ ಓದಿ ನಕಲು ಮಾಡುವ ಸ್ಕಿಮ್ಮರ್ ಇರಬಹುದು. ಚಿಪ್ ಪ್ರತಿ ಸಲವೂ ಹೊಸ ಗುಟ್ಟಿನ ಸಂಖ್ಯೆ ತಯಾರಿಸುತ್ತದೆ, ಅದನ್ನು ಕದ್ದು ಉಪಯೋಗ ಇಲ್ಲ. ಕಪ್ಪು ಪಟ್ಟಿ ಮಾತ್ರ ಹುಟ್ಟಿದಾಗಿನಿಂದ ಅದೇ ಮಾತು ಹೇಳುತ್ತಿರುತ್ತದೆ. 2018ರ ಡಿಸೆಂಬರ್ 31ರ ಒಳಗೆ ಎಲ್ಲಾ ಕಾರ್ಡುಗಳಿಗೂ ಚಿಪ್ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತ್ತು. ಚಿಪ್ ಬಂತು, ಆದರೆ ‘ಚಿಪ್ ಓದಲು ಆಗದಿದ್ದರೆ ಇರಲಿ’ ಅಂತ ಪಟ್ಟಿಯನ್ನೂ ಬಿಟ್ಟುಕೊಂಡೆವು. ಕಳ್ಳರು ಹುಡುಕಿ ಬರೋದು ಆ ‘ಇರಲಿ’ಯನ್ನೇ.

ಪಿನ್ ಒತ್ತುವಾಗ ಇನ್ನೊಂದು ಕೈಯನ್ನು ಮೇಲೆ ಚಪ್ಪರದ ಹಾಗೆ ಹಿಡಿಯಿರಿ. ಒಬ್ಬರೇ ಇದ್ದರೂ ಹಿಡಿಯಿರಿ, ಕ್ಯಾಮೆರಾ ಮೇಲಿರಬಹುದು. ಕೀಪ್ಯಾಡ್ ಒಳಗೇ ಪಿನ್ ಗುಟ್ಟುಲಿಪಿಯಾಗಿ ಬದಲಾಗುತ್ತದೆ, ಅದನ್ನು ಬಿಚ್ಚಲು ಹೋದರೆ ಒಳಗಿನ ಕೀಲಿಸಂಖ್ಯೆಗಳು ಅಳಿಸಿಹೋಗುವ ಹಾಗೆ ಮಾಡಿರುತ್ತಾರೆ. ಅಂದ್ರೆ ಮಷಿನ್ ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತದೆ. ಸೋರೋದು ನಿಮ್ಮ ಬೆರಳು ಮತ್ತು ಕೀಪ್ಯಾಡ್ ನಡುವಿನ ಜಾಗದಲ್ಲಿ.

ಚಿಪ್ ಕಾರ್ಡನ್ನು ಮಷಿನ್ ಕೊನೆ ತನಕ ಹಿಡಿದಿಟ್ಟುಕೊಳ್ಳುತ್ತದೆ. ಗಾಬರಿಯಿಂದ ಎಳೆಯಬೇಡಿ. ಒಳಗೆ ಗರ್‌ಗರ್ ಅಂತ ಸದ್ದು ಬರುತ್ತದಲ್ಲ, ಅದು ನೋಟುಗಳನ್ನು ಒಂದೊಂದಾಗಿ ಎತ್ತಿ ದಪ್ಪ ನೋಡುವ ಸದ್ದು. ಎರಡು ನೋಟು ಅಂಟಿಕೊಂಡಿದ್ದರೆ ಅದನ್ನು ಪಕ್ಕದ ಪೆಟ್ಟಿಗೆಗೆ ತಳ್ಳಿ ಬೇರೆ ನೋಟು ಎತ್ತುತ್ತದೆ. ಮಳೆಗಾಲದಲ್ಲಿ ತೇವ ಹಿಡಿದ ನೋಟು ಜಾಸ್ತಿ, ಸದ್ದೂ ಜಾಸ್ತಿ ಹೊತ್ತು. ಸದ್ದು ನಿಂತು ದುಡ್ಡು ಬರದಿದ್ದರೆ ನೋಟು ಬರುವ ಬಾಯಿಯನ್ನು ಸರಿಯಾಗಿ ನೋಡಿ. ಅಲ್ಲಿ ಏನಾದರೂ ಪಟ್ಟಿ ಅಂಟಿಸಿ, ನೀವು ಬೈದುಕೊಂಡು ಹೊರಟ ಮೇಲೆ ಬಂದು ಕಿತ್ತುಕೊಂಡು ಹೋಗುವ ಜನ ಇದ್ದಾರೆ.

ಎಲ್ಲಕ್ಕಿಂತ ಹಳೇ ತಂತ್ರಕ್ಕೆ ಯಂತ್ರವೇ ಬೇಡ. ‘ಕೊಡಿ ಅಕ್ಕ, ನಾನು ತೆಗೆದುಕೊಡ್ತೇನೆ’ ಅಂತ ಒಬ್ಬ ಬರುತ್ತಾನೆ, ಕಾರ್ಡ್ ತಗೊಳ್ತಾನೆ, ಪಿನ್ ಒತ್ತೋದನ್ನು ನೋಡ್ತಾನೆ, ವಾಪಸ್ ಕೊಡುವಾಗ ಅದೇ ಬ್ಯಾಂಕಿನ, ಅದೇ ಬಣ್ಣದ ಬೇರೆ ಕಾರ್ಡ್ ಕೊಡುತ್ತಾನೆ. ಮನೆಗೆ ಹೋಗಿ ಹೆಸರು ಓದಿದಾಗ ಗೊತ್ತಾಗುತ್ತದೆ. ಓದು ಬಾರದವರಿಗೆ ಆಗಲೂ ಗೊತ್ತಾಗಲ್ಲ. ಅದಕ್ಕೆ ಕಾರ್ಡಿನ ಮೇಲೆ ನಿಮ್ಮದೇ ಒಂದು ಗುರುತು ಹಾಕಿಡಿ, ಉಗುರು ಬಣ್ಣದ ಒಂದು ಚುಕ್ಕೆ ಸಾಕು. ಚಿಪ್ ಮೇಲೆ ಬೇಡ ಮತ್ತೆ.

ತೋಟದ ರೈಟರ್‌ಗಳಿಗೆ, ಮೇಸ್ತ್ರಿಗಳಿಗೆ ಒಂದು ಮಾತು. ಸಂಬಳದ ವಾರ ಲೈನ್ ಮನೆಯ ಐದಾರು ಜನರ ಕಾರ್ಡ್, ಪಿನ್ ಎರಡೂ ಒಬ್ಬನ ಕೈಗೆ ಕೊಟ್ಟು ಪೇಟೆಗೆ ಕಳಿಸುವ ಅಭ್ಯಾಸ ಕೆಲವು ಕಡೆ ಇದೆ. ಅವನು ಎಷ್ಟೇ ಒಳ್ಳೆಯವನಿರಲಿ, ಆ ದಿನ ಏನಾದರೂ ಹೆಚ್ಚುಕಡಿಮೆ ಆದರೆ ಪಿನ್ ಹಂಚಿಕೊಂಡವರದ್ದೇ ತಪ್ಪು ಅಂತ ಬ್ಯಾಂಕ್ ಹೇಳುತ್ತದೆ, ನಿಯಮ ಹಾಗೇ ಇದೆ. ತಿಜೋರಿ ತೆರೆಯುವವರೇ ಸಾಮಾನ್ಯವಾಗಿ ಇಬ್ಬರು ಬರುತ್ತಾರೆ ಗಮನಿಸಿದ್ದೀರಾ? ಗುಟ್ಟಿನ ಅರ್ಧ ಒಬ್ಬನ ಹತ್ತಿರ, ಇನ್ನರ್ಧ ಇನ್ನೊಬ್ಬನ ಹತ್ತಿರ. ಅವರು ಕಳ್ಳರು ಅಂತಲ್ಲ, ಒಬ್ಬನ ಮೇಲೇ ಅನುಮಾನ ಬರೋದು ಬೇಡ ಅಂತ. ಜೀಪಿನಲ್ಲಿ ಎಲ್ಲರನ್ನೂ ಕರೆದುಕೊಂಡು ಹೋಗಿ, ಕಾರ್ಡ್ ಮುಟ್ಟದೆ ಬಾಯಲ್ಲಿ ಹೇಳಿಕೊಡಿ. ಭಾಷೆ ಆರಿಸುವ ಪರದೆ ಬಂದಾಗ ಕನ್ನಡ ಒತ್ತಲು ಹೇಳಿ. ಅಸ್ಸಾಂ ಕಡೆಯಿಂದ ಬಂದವರಾದರೆ ಹಿಂದಿ.

ವಾಟ್ಸಾಪಿನಲ್ಲಿ ಓಡಾಡುವ ಎರಡು ಸುಳ್ಳು ಇಲ್ಲೇ ಹೇಳಿಬಿಡ್ತೇನೆ. ಕಾರ್ಡ್ ಹಾಕುವ ಮೊದಲು ಕ್ಯಾನ್ಸಲ್ ಬಟನ್ ಎರಡು ಸಲ ಒತ್ತಿದರೆ ಪಿನ್ ಕಳ್ಳತನ ಆಗಲ್ಲ ಅನ್ನೋದು ಒಂದು. ಏನೂ ಆಗಲ್ಲ ಅದರಿಂದ. ಕಳ್ಳ ಕುತ್ತಿಗೆಗೆ ಕತ್ತಿ ಇಟ್ಟಾಗ ಪಿನ್ ಉಲ್ಟಾ ಒತ್ತಿದರೆ ಪೊಲೀಸರಿಗೆ ಸುದ್ದಿ ಹೋಗುತ್ತದೆ ಅನ್ನೋದು ಇನ್ನೊಂದು. ಅಂಥ ವ್ಯವಸ್ಥೆ ಇಲ್ಲ. ಪಿನ್ 1221 ಇದ್ದವರು ಏನು ಮಾಡಬೇಕಂತೆ? 2013ರ ನವೆಂಬರ್‌ನಲ್ಲಿ ಬೆಂಗಳೂರಿನ ಎಟಿಎಂ ಒಳಗೆ ಮಹಿಳೆಯೊಬ್ಬರ ಮೇಲೆ ನಡೆದ ಹಲ್ಲೆಯ ವಿಡಿಯೋ ನೋಡಿದವರಿಗೆ ಗೊತ್ತು, ಆ ಹೊತ್ತಲ್ಲಿ ಯಾರಿಗೂ ಅಂಕಿ ತಿರುಗಿಸಿ ಒತ್ತುವ ಬುದ್ಧಿ ಓಡಲ್ಲ. ಒಳಗೆ ಬೇರೆ ಯಾರಾದರೂ ಇದ್ದರೆ ಹೊರಗೇ ನಿಲ್ಲಿ. ಕತ್ತಲಾದ ಮೇಲೆ ಒಬ್ಬರೇ ಹೋಗಬೇಡಿ, ಅಷ್ಟೇ.

ಇನ್ನೊಂದು ಒಳ್ಳೇ ಕಾವಲು ಹೆಚ್ಚಿನವರು ಬಳಸೋದೇ ಇಲ್ಲ. ಬ್ಯಾಂಕ್ ಆಪ್‌ನಲ್ಲಿ ಕಾರ್ಡನ್ನು ಆಫ್ ಮಾಡಿಡಬಹುದು, ಬೇಕಾದಾಗ ಆನ್. ಆನ್‌ಲೈನ್, ವಿದೇಶ, ಅಂಗಡಿ, ಎಟಿಎಂ, ಎಲ್ಲಕ್ಕೂ ಬೇರೆ ಬೇರೆ ಸ್ವಿಚ್, ಬೇರೆ ಬೇರೆ ಮಿತಿ. ಈ ಸೌಲಭ್ಯ ಕೊಡಲೇಬೇಕು ಅಂತ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ವಿದೇಶಕ್ಕೆ ಹೋಗದವರು ಅದನ್ನು ಆನ್ ಮಾಡೋದೇ ಬೇಡ. ದುಡ್ಡು ಹಾಕುವ ಮಷಿನ್‌ನಲ್ಲಿ ಖಾತೆ ನಂಬರ್ ಒತ್ತಿದ ಮೇಲೆ ಹೆಸರು ಬರುತ್ತದೆ, ಅದನ್ನು ಓದದೆ ಮುಂದೆ ಹೋಗಬೇಡಿ. ನಂಬರ್ ತಪ್ಪಿದ್ದರೆ ಹಿಡಿಯೋದು ಆ ಹೆಸರೇ.

ದುಡ್ಡು ಬರಲಿಲ್ಲ, ಖಾತೆಯಲ್ಲಿ ಮಾತ್ರ ಕಡಿಮೆ ಆಯ್ತು. ನಮ್ಮ ಕಡೆ ಇದೇ ಜಾಸ್ತಿ ಆಗುವ ತೊಂದರೆ. ಆಗೋದು ಹೀಗೆ: ಮಷಿನ್ ಕೇಳಿತು, ಬ್ಯಾಂಕ್ ‘ಕೊಡು’ ಅಂತ ಹೇಳಿ ಖಾತೆಯಲ್ಲಿ ಕಳೆಯಿತು, ಆ ಉತ್ತರ ಮಷಿನ್‌ಗೆ ತಲುಪುವ ಮೊದಲು ಲೈನ್ ಕಡಿಯಿತು. ಮಷಿನ್ ಕಾದು ಕಾದು ‘ಆಗಲಿಲ್ಲ’ ಅಂತ ನಿಲ್ಲಿಸಿತು. ಲೈನ್ ಬಂದ ಮೇಲೆ ವಾಪಸ್ ಹಾಕಲು ಒಂದು ಸಂದೇಶ ಹೋಗಬೇಕು, ಹೆಚ್ಚಿನ ಸಲ ಹೋಗುತ್ತದೆ, ಕೆಲವು ಸಲ ಇಲ್ಲ. ಹೆದರಬೇಡಿ, ಇದರ ಲೆಕ್ಕ ಮೂರು ಕಡೆ ಇರುತ್ತದೆ: ಬ್ಯಾಂಕಿನ ಸರ್ವರಿನಲ್ಲಿ, ಮಷಿನ್ ತನ್ನೊಳಗೆ ಬರೆದಿಟ್ಟುಕೊಳ್ಳುವ ಜರ್ನಲ್‌ನಲ್ಲಿ, ಮತ್ತೆ ಪೆಟ್ಟಿಗೆಯಲ್ಲಿ ಉಳಿದ ನೋಟಿನ ಎಣಿಕೆಯಲ್ಲಿ. ನಿಮಗೆ ಬರದ 5,000 ಅಲ್ಲೇ ಹೆಚ್ಚುವರಿಯಾಗಿ ಕೂತಿರುತ್ತದೆ.

ನೀವು ಮಾಡಬೇಕಾದ್ದು: ಸ್ಲಿಪ್ ಬಂದರೆ ಇಟ್ಟುಕೊಳ್ಳಿ, ಕೂಡಲೇ ಅದರ ಫೋಟೋ ತೆಗೆಯಿರಿ, ಅದು ಶಾಖದಿಂದ ಅಚ್ಚಾಗುವ ಕಾಗದ, ಜೇಬಿನಲ್ಲಿ ಒದ್ದೆಯಾಗಿ ಬಿಸಿಯಾಗಿ ಕೆಲವೇ ವಾರದಲ್ಲಿ ಬಿಳಿ ಹಾಳೆ ಆಗುತ್ತದೆ. ಸ್ಲಿಪ್ ಇಲ್ಲದಿದ್ದರೆ ಮಷಿನ್ ಮೇಲೆ ಅಂಟಿಸಿದ ಎಟಿಎಂ ಐಡಿ, ತಾರೀಖು, ಗಂಟೆ, ಮೊತ್ತ ಬರೆದುಕೊಳ್ಳಿ. ಮಷಿನ್ ಯಾವ ಬ್ಯಾಂಕಿನದ್ದೇ ಇರಲಿ, ದೂರು ಕೊಡೋದು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ‘ಅದು ನಮ್ಮ ಎಟಿಎಂ ಅಲ್ಲ, ಅಲ್ಲಿ ಕೇಳಿ’ ಅಂತ ಕೌಂಟರಿನಲ್ಲಿ ಹೇಳಿದರೆ ಒಪ್ಪಬೇಡಿ. 2019ರ ಸೆಪ್ಟೆಂಬರ್ 20ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ 5 ದಿನದೊಳಗೆ ದುಡ್ಡು ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ, ಅದೂ ನೀವು ಕೇಳದೆಯೇ. ಕೇಳದೆ ಕೊಡೋದು ಕಡಿಮೆ, ಆದ್ದರಿಂದ ಕೇಳಿ. ಫೋನಿನಲ್ಲಿ ದೂರು ಕೊಟ್ಟರೆ ದೂರಿನ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿಸಿ, ನೀವೂ ಒಂದು ಸಲ ವಾಪಸ್ ಓದಿ ಹೇಳಿ.

ನೀವು ತೆಗೆಯದೇ ದುಡ್ಡು ಹೋಗಿದ್ದರೆ ಮಾತ್ರ ಕಾಯಬೇಡಿ, ಗಂಟೆ ಲೆಕ್ಕ. ಮೊದಲು ಆಪ್‌ನಲ್ಲಿ ಕಾರ್ಡ್ ಬ್ಲಾಕ್. ಸಿಗ್ನಲ್ ಇಲ್ಲದಿದ್ದರೆ ಬೇರೆಯವರ ಫೋನಿಂದ ಬ್ಯಾಂಕಿನ ಸಹಾಯವಾಣಿ. ಆ ನಂಬರ್ ಕಾರ್ಡಿನ ಹಿಂದೆ ಇರುತ್ತದೆ, ಆದರೆ ಕಾರ್ಡೇ ಹೋಗಿದ್ದರೆ? ಅದಕ್ಕೆ ಈಗಲೇ ಮನೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಆಮೇಲೆ 1930, ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡು ಯಾವ ಖಾತೆಗೆ ಹೋಗಿದೆಯೋ ಅಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ಮೂರನೆಯದು ಬ್ಯಾಂಕಿಗೆ ಬರಹದಲ್ಲಿ ದೂರು, ನಕಲಿನ ಮೇಲೆ ಸೀಲು. 2017ರ ಜುಲೈನ ನಿಯಮದಂತೆ, ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದ್ದೂ ಅಲ್ಲ ಅಂತಾದರೆ, ಬ್ಯಾಂಕಿನ ಸಂದೇಶ ಬಂದು 3 ಕೆಲಸದ ದಿನದೊಳಗೆ ತಿಳಿಸಿದವರಿಗೆ ಒಂದು ರೂಪಾಯಿಯೂ ಹೊರೆ ಇಲ್ಲ. 4ರಿಂದ 7 ದಿನ ಆದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000ದ ತನಕ ನಿಮ್ಮ ತಲೆಗೆ. ಅದಕ್ಕೂ ತಡವಾದರೆ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿ ಏನಿದೆಯೋ ಅದು. ತಿಳಿಸಿದ 10 ಕೆಲಸದ ದಿನದೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು. ಕೆಲಸದ ದಿನ ಅನ್ನೋದು ನಿಮ್ಮ ಬ್ರಾಂಚಿನ ಲೆಕ್ಕ.

30 ದಿನ ಕಳೆದರೂ ಉತ್ತರ ಇಲ್ಲ, ಅಥವಾ ಬಂದ ಉತ್ತರ ಸರಿ ಇಲ್ಲ ಅಂದ್ರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದ್ರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರು ಬೇಡ. ಆನ್‌ಲೈನ್ ಫಾರಂಗೆ ಬೇಕಾದ್ದು ಸೀಲು ಹಾಕಿಸಿದ ನಕಲು, ಸ್ಲಿಪ್ಪಿನ ಫೋಟೋ, ಪಾಸ್‌ಬುಕ್‌ನ ಆ ಪುಟ ಮತ್ತೆ ದೂರಿನ ನಂಬರ್. ಎಲ್ಲಿ ಏನು ತುಂಬಬೇಕು ಅಂತ ಗೊಂದಲ ಆದರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ.